ಪುಲಿಗೆರೆ ಎಲ್ಲೂ ಹೋಗಿಲ್ಲ

"ಪುಲಿಗೆರೆ ಈಗಿಲ್ಲ ಮಕ್ಕಳೇ, ಯಾವತ್ತೋ ಹಾಳಾಗಿ ಹೋಯ್ತು." ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಅಂಗಳದಲ್ಲಿ ಒಬ್ಬ ಮೇಷ್ಟ್ರು ಪ್ರವಾಸಕ್ಕೆ ಕರೆತಂದ ಹುಡುಗರಿಗೆ ಹೇಳಿದ ಈ ಮಾತು ವಾರವೆಲ್ಲ ಕಿವಿಯಲ್ಲೇ ಕೂತಿದೆ. ಕಟ್ಟೆಯ ಮೇಲಿದ್ದ ರೈತರೊಬ್ಬರು, "ಸರ, ನೀವು ನಿಂತದ್ದ ಹುಲಿಗೆರಿ ರೀ" ಅಂದರು. ಮೇಷ್ಟ್ರು ನಕ್ಕು ಮುಂದೆ ನಡೆದರು. ಬಿಸಿಲಲ್ಲಿ ಅಷ್ಟು ಮಕ್ಕಳನ್ನು ಸುಧಾರಿಸುವುದು ಸುಲಭವಲ್ಲ, ನಿಜ. ಆದರೂ ನಗಬಾರದಿತ್ತು. ಸರಿ ಹೇಳಿದವರು ರೈತರೇ.

ನೀವು ನಿಂತದ್ದ ಹುಲಿಗೆರಿ. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ ಪುಲಿಗೆರೆ ಹುಲಿಗೆರೆ ಆಯಿತು, ಊರು ಇದ್ದಲ್ಲೇ ಇದೆ: ಇಂದಿನ ಲಕ್ಷ್ಮೇಶ್ವರವೇ ಅದು. ಶಾಸನಗಳಲ್ಲಿ ಪೊರಿಗೆರೆ, ಪುರಿಗೆರೆ ಎಂದೂ ಇದೆ, ಸಂಸ್ಕೃತದಲ್ಲಿ ಪುಲಿಕರ. ಹುಲಿ ನೀರು ಕುಡಿದ ಕೆರೆ ಎಂದು ಕಥೆ ಹೇಳುವವರು ಪೊರಿಗೆರೆಯ ರಕಾರಕ್ಕೂ ಲೆಕ್ಕ ಕೊಡಬೇಕು. ಕನ್ನಡದ ರೂಪಗಳಲ್ಲೆಲ್ಲ ಕದಲದೆ ಉಳಿದದ್ದು ಕೆರೆ. ಎರೆಹೊಲದ ಸೀಮೆಯಲ್ಲಿ ಕೆರೆಯಿದ್ದಲ್ಲೇ ಊರು.

9ನೇ ಶತಮಾನದ ಕವಿರಾಜಮಾರ್ಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕರ ನಡುವಿನ ನಾಡಿನದೇ ಕನ್ನಡದ ತಿರುಳು ಎಂದಿತು. 941ರ ಪಂಪನೂ ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದ. ಇದು ಶಾಲೆಯ ಮಕ್ಕಳಿಗೂ ಬಾಯಿಪಾಠ. ನನಗೆ ಹೆಚ್ಚು ಹಿಡಿಸುವುದು ಅದಕ್ಕೂ ಹಿಂದಿನ ಒಂದು ಕಲ್ಲು. 8ನೇ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಕೊಟ್ಟ ಆಚಾರವ್ಯವಸ್ಥೆ, ಊರಿನ ಕಟ್ಟುಪಾಡು ಅದು. ಒಡೆಯರಿಲ್ಲದ ಮನೆಗಳನ್ನು ರಾಜಪುರುಷರು ಕಾಯಬೇಕು, ಅನುಭವಿಸಿಕೊಂಡು ಬಂದ ಆಸ್ತಿ ಹಾಗೆಯೇ ನಡೆಯಬೇಕು. ತೆರಿಗೆಯೂ ಮನೆಯ ತೂಕ ನೋಡಿಯೇ: ಮೇಲಿನವರಿಗೆ 10 ಪಣ, ನಡುವಿನವರಿಗೆ 7, ಕೆಳಗಿನವರಿಗೆ 5, ತೀರ ಬಡವರಿಗೆ 3. ಕಂಚುಗಾರರ ಶ್ರೇಣಿಗೂ (ಕಸುಬಿನ ಸಂಘಕ್ಕೂ) ಅದರಲ್ಲಿ ಪಾಲುಂಟು. ಯುದ್ಧ ಗೆದ್ದ ಬಡಾಯಿಗಿಂತ ಇದು ದೊಡ್ಡದು. ಮೇಷ್ಟ್ರು ಮಕ್ಕಳಿಗೆ ಈ ನಾಲ್ಕು ಅಂಕಿ ಹೇಳಿದ್ದರೂ ಸಾಕಿತ್ತು.

ಇಂಥ ಹೆಸರು ನಿಮ್ಮೂರಿನ ಕಲ್ಲಿನಲ್ಲೂ ಇರಬಹುದು. ಶಾಸನದ ಆರಂಭದ ರಾಜನ ಬಿರುದಾವಳಿಯನ್ನು ದಾಟಿ ಮುಂದೆ ಹೋಗಿ, ನಾಡಿನ ಹೆಸರಿನ ಜೊತೆ ಸಂಖ್ಯೆ ಸಿಗುತ್ತದೆ: ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು. ಎರಡೂ ಸೇರಿದರೆ ಎರಡರುನೂರು, ಅಂದರೆ ಎರಡು ನಾಡು ಕೂಡಿ ಆರುನೂರು. ಆಮೇಲೆ ದತ್ತಿಯ ಭೂಮಿ ಎಷ್ಟು ಮತ್ತರು (ಹಳೆಯ ಭೂಮಿಯ ಅಳತೆ), ಅದರ ಮೂಡಣ ಪಡುವಣ ಎಲ್ಲೆ ಯಾವುದು ಎಂಬ ಸಾಲು. ಹಳ್ಳ, ಕೆರೆ, ನೆರೆಯೂರುಗಳ ಹಳೆಯ ಹೆಸರು ಕೂತಿರುವುದು ಅಲ್ಲೇ.

ಅಕ್ಷರ ಸವೆದಿದ್ದರೆ ಪಡಿಯಚ್ಚು ತೆಗೆಯಬೇಕು. ಬರೀ ನೀರಿನಿಂದ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ತಗ್ಗಿಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿದು, ಅರೆ ಒಣಗಿದಾಗ ಮಸಿ ತಟ್ಟಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಪೂರ್ತಿ ಹಸಿಯಿದ್ದಾಗ ತಟ್ಟಿದರೆ ಮಸಿ ಹರಡಿ ಕೆಡುತ್ತದೆ. ಜಾತ್ರೆಗೆಂದು ಶಾಸನಕ್ಕೆ ಆಯಿಲ್ ಪೇಂಟ್ ಬಳಿಯುವುದನ್ನಂತೂ ದಯವಿಟ್ಟು ನಿಲ್ಲಿಸಿ: ಗೆರೆಗಳೆಲ್ಲ ತುಂಬಿಹೋದ ಮೇಲೆ ಕಾಗದ ಇಳಿಯಲು ತಗ್ಗೇ ಇರುವುದಿಲ್ಲ, ಕೆರೆದು ತೆಗೆಯಹೋದರೆ ಬಣ್ಣದ ಜೊತೆ ಅಕ್ಷರವೂ ಬರುತ್ತದೆ.