ನೆಲ ಮೇಲೇಳುವ ಈಜುಕೊಳ

ಮಗಳನ್ನು ಈಜು ಕ್ಲಾಸಿಗೆ ಸೇರಿಸಿದೆ ಅಂದ ತಕ್ಷಣ ಊರಿಂದ ಅಮ್ಮ ಕೇಳಿದ್ದು ಒಂದೇ: "ಮಗೂಗೆ ಕಾಲು ನಿಲುಕುತ್ತೇನೋ?"

ನಾನು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಒಣ ತೆಂಗಿನಕಾಯಿ ಕಟ್ಟಿ ನೀರಿಗೆ ದೂಡಿದ್ದರು. ಕಾಲು ನಿಲುಕುವ ಮಾತೇ ಇರಲಿಲ್ಲ. ಇಲ್ಲಿ, ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಅಕ್ವಾಟಿಕ್ಸ್ ಸೆಂಟರ್‌ನಲ್ಲಿ, ಕೊಳದ ನೆಲವನ್ನೇ ಮೇಲೆತ್ತುತ್ತಾರೆ. ನೆಲದ ಸಂದುಗಳಿಂದ ನೀರು ಕೆಳಕ್ಕೆ ಇಳಿಯುತ್ತದೆ, ನೆಲ ಮೇಲೇರುತ್ತದೆ. ಆಳುದ್ದ ನೀರಿದ್ದ ಜಾಗದಲ್ಲಿ ಮಗಳು ಎದೆಮಟ್ಟ ನೀರಲ್ಲಿ ನಿಂತು ನನ್ನ ಕಡೆ ಕೈ ಬೀಸುತ್ತಾಳೆ. ಅಡ್ಡಗೋಡೆಯೂ ಸರಿಯುತ್ತದೆ, ಒಂದೇ 50 ಮೀಟರ್ ಕೊಳದಲ್ಲಿ ಒಂದು ಕಡೆ ಮಕ್ಕಳು, ಇನ್ನೊಂದು ಕಡೆ ಪಳಗಿದ ಈಜುಗಾರರು.

ಇದು 2012ರ ಒಲಿಂಪಿಕ್ಸ್‌ಗೆ ಕಟ್ಟಿದ ಕೊಳ. ಬಾಗ್ದಾದ್‌ನಲ್ಲಿ ಹುಟ್ಟಿದ ಜಹಾ ಹದೀದ್ ಇದರ ವಾಸ್ತುಶಿಲ್ಪಿ. ಅಲೆಯಂತೆ ಬಾಗಿದ ಚಾವಣಿ 160 ಮೀಟರ್ ಉದ್ದ, ಉಕ್ಕೇ ಸುಮಾರು 3,000 ಟನ್. ಅಷ್ಟು ಭಾರ ಕೂತಿರುವುದು ಮೂರೇ ಆಧಾರಗಳ ಮೇಲೆ, ನಡುವೆ ಒಂದು ಕಂಬವೂ ಇಲ್ಲ. ಒಳಮೈಗೆಲ್ಲ ಬ್ರೆಜಿಲ್‌ನ ಕೆಂಪು ಲೌರೋ ಮರದ ಪಟ್ಟಿ. ಅಂಗಾತ ತೇಲುತ್ತಾ ಮೇಲೆ ನೋಡಿದರೆ ಆ ಪಟ್ಟಿಗಳು ತಲೆಯ ಮೇಲೆ ಹರಿದು ಹೋದಂತೆ ಕಾಣುತ್ತವೆ. ನನಗಂತೂ ಪ್ರತಿ ಸಲವೂ ಅಟ್ಟದ ಹಲಗೆ ಎಣಿಸುತ್ತಾ ಮಲಗಿದ್ದ ಊರಿನ ಮನೆ ನೆನಪಾಗುತ್ತದೆ.

ಇದಕ್ಕಿಂತ ನನಗೆ ದೊಡ್ಡದೆನಿಸುವುದು ಕಟ್ಟಿದ್ದನ್ನು ಬಿಚ್ಚಿದ ರೀತಿ. ಕ್ರೀಡಾಕೂಟಕ್ಕೆ 17,500 ಜನ ಕೂರಬೇಕಿತ್ತು. ಅದಕ್ಕಾಗಿ ಎರಡೂ ಪಕ್ಕಕ್ಕೆ ತಾತ್ಕಾಲಿಕ ಗ್ಯಾಲರಿ ಕಟ್ಟಿದರು, ಆಟ ಮುಗಿದ ಮೇಲೆ ತೆಗೆದು ಆ ಜಾಗಕ್ಕೆ ಗಾಜು ಹಾಕಿದರು. ಈಗ ಉಳಿದಿರುವುದು ಸುಮಾರು 2,500 ಆಸನ. 2014ರ ಮಾರ್ಚ್‌ನಿಂದ ಟಿಕೆಟ್ ಕೊಂಡ ಯಾರು ಬೇಕಾದರೂ ಇಳಿಯಬಹುದು. ಮುಂದೆ ಇಲ್ಲಿ ಯಾರು ಈಜುತ್ತಾರೆ ಅನ್ನುವುದನ್ನು ನಕ್ಷೆ ಬರೆಯುವಾಗಲೇ ಯೋಚಿಸಿದ್ದರು. ನಮ್ಮಲ್ಲೂ ಕ್ರೀಡಾಂಗಣ ಕಟ್ಟುವವರು ಈ ಒಂದನ್ನಾದರೂ ನೋಡಿ ಹೋಗಲಿ ಅಂತ ನನ್ನ ಆಸೆ.

ನಮ್ಮ ಕರ್ನಾಟಕದ ಗಗನ್ ಉಳ್ಳಾಲಮಠ 2012ರಲ್ಲಿ ಇದೇ ನೀರಲ್ಲಿ 1500 ಮೀಟರ್ ಫ್ರೀಸ್ಟೈಲ್ ಈಜಿದ್ದರು. ಅಂದರೆ ಕೊಳದ ಈ ತುದಿಯಿಂದ ಆ ತುದಿಗೆ 30 ಸಲ. ಹೋದ ವಾರ ಮಗಳಿಗೆ ಹೇಳಿದೆ. ಟವೆಲ್ ಸುತ್ತಿಕೊಂಡು, ಹಲ್ಲು ಕಟಕಟ ಅನ್ನಿಸುತ್ತಲೇ ಕೊಳದ ಆ ತುದಿಯವರೆಗೆ ನೋಡಿದಳು.

"ಅಪ್ಪಾ, ಮುಂದಿನ ವಾರ ನೆಲ ಇನ್ನೊಂಚೂರು ಕೆಳಗಿಳಿಸ್ತಾರಾ?"