ಅಪ್ಪ ಅಮ್ಮನ್ನ ಯಾವಾಗ ಕರ್ಕೊಂಡ್ಹೋಗ್ತೀಯಪ್ಪಾ?

ಊರಿಗೆ ಬಂದಾಗಲೆಲ್ಲ ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಮಗ ಮನಸ್ಸು ಮಾಡಿದರೆ ಸಾಕು ಅನ್ನುವುದು ಅವರ ಲೆಕ್ಕ. ನಾನಿರುವ ಮೆಲ್ಬರ್ನ್‌ನಲ್ಲಿ ಮೊದಲು ಬರುವುದು ಮಕ್ಕಳ ತಲೆ ಎಣಿಕೆ.

ತಂದೆತಾಯಿ ಆಸ್ಟ್ರೇಲಿಯಾಕ್ಕೆ ಕಾಯಂ ಆಗಿ ಬರಬೇಕಾದರೆ ಅವರ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಇಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಇಲ್ಲಿ ಹೆಚ್ಚು ಮಕ್ಕಳಿರಬೇಕು. ನಾವು ಇಬ್ಬರೇ ಮಕ್ಕಳು, ಅಕ್ಕ ಮೈಸೂರಿನಲ್ಲಿ, ನಾನಿಲ್ಲಿ, ಹಾಗಾಗಿ ಪಾಸು. ಹುಬ್ಬಳ್ಳಿಯ ಗೆಳೆಯನಿಗೆ ಊರಲ್ಲಿ ಇಬ್ಬರು ಅಕ್ಕಂದಿರು. ಅವನ ಅವ್ವನಿಗೆ ಈ ದಾರಿಯೇ ಇಲ್ಲ. "ಹೆಣ್ಮಕ್ಕಳ ಮನ್ಯಾಗ ಹೆಂಗ ಇರೂದೋ" ಅಂತ ಅವರು ಫೋನಿನಲ್ಲಿ ಅಳುತ್ತಾರಂತೆ. ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ.

ಪಾಸಾದವರ ಕಥೆಯೂ ಅಷ್ಟಕ್ಕಷ್ಟೆ. ಕಡಿಮೆ ಖರ್ಚಿನ ಪೇರೆಂಟ್ ವೀಸಾಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆಂದು ಇಲ್ಲಿನ ಗೃಹ ಇಲಾಖೆಯೇ ಹೇಳುತ್ತದೆ. ಎಪ್ಪತ್ತು ದಾಟಿದ ನಮ್ಮಪ್ಪ ಇದನ್ನು ಕೇಳಿ ಜೋರಾಗಿ ನಕ್ಕರು. ಇನ್ನೊಂದು 143 ನಂಬರಿನ ಕಾಯಂ ವೀಸಾ: ತಲೆಗೆ 48,000 ಡಾಲರ್ ಆಸುಪಾಸು, ಅದಕ್ಕೂ ವರ್ಷಗಟ್ಟಲೆ ಸರದಿ. ಮೂರನೆಯದು 870, ತಾತ್ಕಾಲಿಕ. ಮೂರು ವರ್ಷಕ್ಕೆ 5,000 ಡಾಲರ್ ದಾಟುತ್ತದೆ, ಐದಕ್ಕೆ 10,000 ದಾಟುತ್ತದೆ, ಎಲ್ಲ ಸೇರಿ ಹತ್ತು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಆರೋಗ್ಯ ವಿಮೆ ನಮ್ಮದೇ ಖರ್ಚು.

ದುಡ್ಡು ಹೇಗೋ ಹೊಂದಿಸಬಹುದು. ನನಗೆ ಚಿಂತೆ ಹತ್ತಿದ್ದು ಹಗಲಿನದು. ಇಲ್ಲಿ ನಮ್ಮವರು ಬಹಳಷ್ಟು ಮಂದಿ ಕ್ಲೈಡ್ ನಾರ್ತ್, ಟಾರ್ನೀಟ್‌ನಂಥ ಹೊಸ ಬಡಾವಣೆಗಳಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಕಟ್ಟಿಸುತ್ತಾರೆ, ಒಂದು ರೂಮು ಅಪ್ಪ ಅಮ್ಮನಿಗೆ ಅಂತಲೇ. ಬೆಳಿಗ್ಗೆ ಎಂಟಕ್ಕೆ ಎರಡೂ ಕಾರು ಹೊರಟವು ಅಂದರೆ ಮುಗಿಯಿತು. ಫುಟ್‌ಪಾತಿನಲ್ಲಿ ನರಪಿಳ್ಳೆ ಇಲ್ಲ. ಮೈಸೂರಿನಲ್ಲಿ ಮುಂಜಾನೆಯೇ ದೇವರಾಜ ಮಾರ್ಕೆಟ್ಟಿಗೆ ಹೋಗಿ, ಸೊಪ್ಪಿನವಳ ಹತ್ತಿರ ಜಗಳಾಡಿ, ಪರಿಚಯದವರನ್ನೆಲ್ಲ ಮಾತಾಡಿಸಿ ಬರುತ್ತಿದ್ದ ಮನುಷ್ಯ ಇಲ್ಲಿ ಹಾಲಿಗೂ ಮಗನ ದಾರಿ ಕಾಯಬೇಕು. ಇಲ್ಲಿ ಚಳಿಗಾಲವಾದ ಜೂನ್‌ನಲ್ಲಂತೂ ಸಂಜೆ ಐದೂಕಾಲಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಮೊಮ್ಮಗು ಸ್ಕೂಲಿಗೆ ಸೇರಿದ ಮೇಲೆ ಆ ಮನೆಗಳಲ್ಲಿ ಟೀವಿಯೊಂದೇ ಮಾತಾಡುವುದು. ಅಂಥ ಹಿರಿಯರನ್ನು ಕಂಡಾಗ, ಇವರು ಬಂದದ್ದು ಯಾರಿಗಾಗಿ ಅಂತ ನಾನು ಕೇಳಿಕೊಳ್ಳುತ್ತೇನೆ. ಡೇ ಕೇರ್ ಖರ್ಚು ಉಳಿಯಲಿ ಅಂತ ಕರೆಸುವವರೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ನಾವು ನೋಬಲ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ, ರೈಲು ಸ್ಟೇಷನ್ನಿಗೆ ನಡೆದುಹೋಗುವಷ್ಟು ಹತ್ತಿರ, ಹಳೆಯ ಸಣ್ಣ ಮನೆ ತೆಗೆದುಕೊಂಡೆವು. ಸ್ನೇಹಿತರಿಗೆ ಇದು ಪೂರ್ತಿ ದಡ್ಡತನ. ಆದರೆ ಎರಡನೇ ಸ್ಟೇಷನ್ನೇ ಡ್ಯಾಂಡಿನಾಂಗ್, ಅಲ್ಲಿ ದೊಡ್ಡ ಮಾರ್ಕೆಟ್ಟು, ಇಂಡಿಯನ್ ಅಂಗಡಿಗಳ ಸಾಲು. ಅಪ್ಪ ನವೆಂಬರ್‌ನಲ್ಲಿ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಟ್ಟು, ವಿಸಿಟರ್ ವೀಸಾದಲ್ಲಿ ಅಮ್ಮನ ಜೊತೆ ಇಲ್ಲಿನ ಬೇಸಿಗೆಗೆ ಬರುತ್ತಾರೆ, ಯುಗಾದಿಯ ಹೊತ್ತಿಗೆ ವಾಪಸು. ಕಾಯಂ ಅರ್ಜಿ ಹಾಕಿಲ್ಲ. "ಹಾಕಬೇಡ, ಆ ದುಡ್ಡಲ್ಲಿ ಟಿಕೆಟ್ ತೆಗಿ" ಅಂದದ್ದು ಅಮ್ಮ. ರೈಲಿಗೆ ಬೇಕಾದ ಮೈಕಿ ಕಾರ್ಡು ಅಪ್ಪನ ಪರ್ಸಿನಲ್ಲೇ ಇರುತ್ತದೆ. ಮೆಂತ್ಯ ಸೊಪ್ಪಿನ ಬೆಲೆ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.