ಸಾರ್ಡೀನಿಯಾದ ಕರಸಾವ್ ರೊಟ್ಟಿ: ಬಾರ್ಬಾಜಾ ಕಡೆಗೆ ಹೊರಡುವವರಿಗೆ

ಇಟಲಿಯ ಸಾರ್ಡೀನಿಯಾ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ಕಡಲತೀರದಲ್ಲೇ ಉಳಿದುಬಿಡುತ್ತಾರೆ. ಆದರೆ ಅಲ್ಲಿನ ಹೆಸರಾಂತ ತೆಳುರೊಟ್ಟಿ ‘ಪಾನೆ ಕರಸಾವ್’ ಅನ್ನು ಅದರ ತವರಿನಲ್ಲೇ ತಿನ್ನಬೇಕೆಂದಿದ್ದರೆ ಒಳನಾಡಿನ ಬೆಟ್ಟಸೀಮೆಯಾದ ಬಾರ್ಬಾಜಾಕ್ಕೆ ಹೋಗಬೇಕು. ಓಲ್ಬಿಯಾ ವಿಮಾನ ನಿಲ್ದಾಣದಿಂದ ನುವೊರೊ ಪಟ್ಟಣಕ್ಕೆ ಸುಮಾರು 100 ಕಿಲೋಮೀಟರ್. ಅಲ್ಲಿಯವರೆಗೆ ಬಸ್ಸಿದೆ, ಮುಂದಿನ ಹಳ್ಳಿಗಳಿಗೆ, ಅದರಲ್ಲೂ ಭಾನುವಾರ, ಬಸ್ಸುಗಳು ವಿರಳವಾದ್ದರಿಂದ ಬಾಡಿಗೆ ಕಾರು ಲೇಸು.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ವಾರಾಂತ್ಯಗಳಲ್ಲಿ ಇಲ್ಲಿನ ಊರುಗಳವರು ಸರದಿಯಂತೆ ತಮ್ಮ ಹಳೆಯ ಮನೆಗಳ ಅಂಗಳವನ್ನು ಬಂದವರಿಗೆ ತೆರೆದಿಡುತ್ತಾರೆ. 1996ರಲ್ಲಿ ಒಲಿಯೇನಾದಲ್ಲಿ ಶುರುವಾದ ಈ ಪದ್ಧತಿಯ ದಿನಗಳೇ ರೊಟ್ಟಿ ಸುಡುವುದನ್ನು ನೋಡಲು ತಕ್ಕ ಸಮಯ. ನಾವು ಕಂಡ ಅಂಗಳದಲ್ಲಿ ಹೆಂಗಸರು ಡ್ಯೂರಮ್ ಗೋಧಿಯ ನುಣ್ಣನೆಯ ರವೆಯನ್ನು ಯೀಸ್ಟ್, ಉಪ್ಪು, ನೀರು ಸೇರಿಸಿ ನಾದಿ, ಹುದುಗಿಸಿ, ಅಗಲವಾಗಿ ಲಟ್ಟಿಸಿ ಸೌದೆಯ ಒಲೆಯೊಳಗೆ ತಳ್ಳುತ್ತಿದ್ದರು. ಕ್ಷಣಮಾತ್ರದಲ್ಲಿ ಅದು ಪೂರಿಯಂತೆ ಉಬ್ಬುತ್ತದೆ. ಬಿಸಿ ಆರುವುದರೊಳಗೆ ಅಂಚಿನ ಸುತ್ತ ಚಾಕು ಆಡಿಸಿ, ಹರಿಯದಂತೆ ಎರಡು ಹಾಳೆಗಳಾಗಿ ಬಿಡಿಸುವುದರಲ್ಲೇ ಕೈಚಳಕವೆಲ್ಲ ಇದೆ. ಹೊರಬದಿ ನುಣುಪು, ಒಳಬದಿ ತರಿತರಿ. ಪೇರಿಸಿಟ್ಟ ಹಾಳೆಗಳನ್ನು ಮತ್ತೊಮ್ಮೆ ಒಲೆಗೆ ಹಾಕಿ ಗರಿಗರಿಯಾಗಿಸುತ್ತಾರೆ. ತೇವ ಉಳಿಯದ ಕಾರಣ ಬಹುಕಾಲ ಕೆಡದ ಈ ರೊಟ್ಟಿ, ಮಂದೆಯೊಡನೆ ತಿಂಗಳುಗಟ್ಟಲೆ ಮನೆಯಿಂದ ದೂರವಿರುತ್ತಿದ್ದ ಕುರಿಗಾಹಿಗಳ ಬುತ್ತಿಯಾಗಿತ್ತು.

ಹೋಟೆಲುಗಳಲ್ಲಿ ಇದನ್ನು ಬುಟ್ಟಿಯಲ್ಲಿಟ್ಟು ಕೊಡುತ್ತಾರೆ. ಆಲಿವ್ ಎಣ್ಣೆ, ಉಪ್ಪು ಸವರಿ ಬಿಸಿಮಾಡಿದರೆ ‘ಗುತ್ತಿಯಾವ್’. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಈ ರೊಟ್ಟಿಯ ಹಿರಿಮೆ ತಿಳಿಯುವುದು ‘ಪಾನೆ ಫ್ರತ್ತಾವ್’ ತಿಂದಾಗಲೇ ಎಂಬುದು ನನ್ನ ದೃಢ ಅಭಿಪ್ರಾಯ. ಕುದಿಯುವ ಸಾರಿನಲ್ಲಿ ಒಂದು ಗಳಿಗೆ ಅದ್ದಿ ತೆಗೆದ ಹಾಳೆಗಳನ್ನು ತಟ್ಟೆಯಲ್ಲಿ ಹಾಸಿ, ಪದರ ಪದರಕ್ಕೂ ಟೊಮೆಟೊ ಗೊಜ್ಜು, ತುರಿದ ಪೆಕೊರಿನೊ ಚೀಸ್ ಹಾಕಿ, ಮೇಲೆ ನೀರಿನಲ್ಲಿ ಬೇಯಿಸಿದ ಮೊಟ್ಟೆಯನ್ನಿಡುತ್ತಾರೆ. ತಟ್ಟೆ ಬಂದ ಕೂಡಲೇ ತಿನ್ನಿರಿ. ತಡಮಾಡಿದರೆ ರೊಟ್ಟಿ ಮುದ್ದೆಯಾಗುತ್ತದೆ.

ಸಸ್ಯಾಹಾರಿಗಳು ಮುಖ್ಯವಾಗಿ ಗಮನಿಸಬೇಕಾದದ್ದು: ಆ ಸಾರು ಸಾಮಾನ್ಯವಾಗಿ ಕುರಿಮಾಂಸದ್ದು. ಉಪ್ಪುನೀರಿನಲ್ಲಿ ಅದ್ದಿಕೊಡಲಾದೀತೇ ಎಂದು ಮೊದಲೇ ಕೇಳಿಕೊಳ್ಳಿ. ಪೆಕೊರಿನೊಗೆ ಹಾಲು ಒಡೆಸಲು ಬಳಸುವುದು ಸಾಮಾನ್ಯವಾಗಿ ಎಳೆಗರು ಇಲ್ಲವೇ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥವಾದ್ದರಿಂದ, ಕಟ್ಟುನಿಟ್ಟಿನವರು ಚೀಸನ್ನೂ ಬಿಡಬೇಕಾಗುತ್ತದೆ. ಅಂಥವರಿಗೆ ಗುತ್ತಿಯಾವ್ ಜೊತೆಗೆ ಟೊಮೆಟೊ ಸಾಕು.

ಊರಿಗೆ ತರುವುದಾದರೆ ಕಟ್ಟನ್ನು ಗಟ್ಟಿ ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲೇ ಒಯ್ಯಿರಿ. ದಾರಿಯಲ್ಲಿ ಮುರಿದ ಚೂರುಗಳೂ ಫ್ರತ್ತಾವ್‌ಗೆ ಚೆನ್ನಾಗಿಯೇ ಒದಗುತ್ತವೆ.